ಗೋಡೆಯಿಂದಿಳಿದ ಗಿಟಾರ್

೨೦೧೪ರ ಜುಲೈ ಹದಿನಾಲ್ಕು, ಸೋಮವಾರ. ಬೆಳಿಗ್ಗೆ ಎಂಟೂವರೆಗೆ ತಾಮ್ರದ ಗಣಿಗಳ ಊರಾದ ಕಿಟ್ವೆಯ ಗಣಿ ಕಾಲೊನಿಯ ಪೊಲೀಸ್ ಠಾಣೆಗೆ ಒಂದು ಕಳವಿನ ದೂರು ಬಂತು. ಹಿಂದಿನ ರಾತ್ರಿ ಊರಿಗೆ ಊರೇ ವಿಶ್ವಕಪ್ಪಿನ ಕೊನೆಯ ಪಂದ್ಯ ನೋಡಿತ್ತು. ಕಾನ್‌ಸ್ಟೆಬಲ್ ಜೆಬ್ರನ್ ಜೆರೆ ನಿದ್ದೆಗಣ್ಣಲ್ಲೇ ಪೆನ್ನು ಹುಡುಕುತ್ತಿದ್ದ. ಇನ್‌ಸ್ಪೆಕ್ಟರ್ ಬರ್ನಡೆಟ್ ಕಸೊಂಡೆ ಇನ್ನೂ ಕೋಟು ಬಿಚ್ಚಿರಲಿಲ್ಲ. ಇಲ್ಲಿ ಜುಲೈ ಎಂದರೆ ಚಳಿಗಾಲ; ಕಿಟಕಿಯ ಸಂದಿಯಿಂದ ನುಗ್ಗುವ ಚಳಿಗಾಳಿ ಮೇಜಿನ ಮೇಲಿನ ಕಾಗದಗಳನ್ನು ಒಂದು ಕ್ಷಣವೂ ಸುಮ್ಮನಿರಲು ಬಿಡುತ್ತಿರಲಿಲ್ಲ.

ಬಂದವರು ಇಬ್ಬರು. ಮುಂದೆ ನಿಂತವನು ಕ್ರಿಸ್ಪಿನ್ ನ್ಸೊಫ್ವಾ, ಹಾಲೆಂಡಿನ ಒಂದು ರೆಕಾರ್ಡ್ ಕಂಪನಿಯ ಸ್ಥಳೀಯ ಪ್ರತಿನಿಧಿ. ಹಿಂದೆ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತವಳು ಎಪ್ಪತ್ತು ದಾಟಿದ ಹೆಂಗಸು. ಕಾಲೊನಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಬನಾ ಕಲುಬಾ, ಅಂದರೆ ಕಲುಬಾನ ತಾಯಿ ಎಂದು.

“ಗಿಟಾರ್ ಹೋಗಿದೆ,” ಎಂದ ನ್ಸೊಫ್ವಾ.

“ಯಾರ ಗಿಟಾರ್?”

“ಮ್ಯಾಡಮ್, ಈ ಊರಲ್ಲಿ ಗಿಟಾರ್ ಅಂದ್ರೆ ಇನ್ಯಾರದು? ಫ್ಯಾನ್‌ವೆಲ್ ಕಪೊಟ್ವೆದು!”

ಜೆರೆಯ ನಿದ್ದೆ ಹಾರಿಹೋಯಿತು.

ಫ್ಯಾನ್‌ವೆಲ್ ಕಪೊಟ್ವೆ ಬನಾ ಕಲುಬಾಳ ಅಣ್ಣ. ಎಪ್ಪತ್ತರ ದಶಕದಲ್ಲಿ ‘ಮುಲಿಲೊ’, ಅಂದರೆ ಬೆಂಕಿ, ಎಂಬ ರಾಕ್ ಬ್ಯಾಂಡ್ ಕಟ್ಟಿದ್ದ. ಗಣಿಯ ಅಪಾಯದ ಗಂಟೆಯೊಳಗಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಗಿಟಾರಿಗೆ ಜೋಡಿಸಿ, ನೆಲದಡಿ ಯಾರೋ ನಗುತ್ತಿದ್ದಾರೇನೋ ಅನ್ನಿಸುವ ಸದ್ದು ತೆಗೆದಿದ್ದ. ಅವನ ಹಾಡುಗಳು ಜ್ವರದಲ್ಲಿ ಬಿದ್ದ ಕನಸಿನ ಹಾಗೆ. ಎಲ್ಲಿ ಶುರುವಾಯಿತು ಎಂದು ಗೊತ್ತಾಗುವ ಮೊದಲೇ ಕೇಳುವವರನ್ನು ಎತ್ತಿಕೊಂಡು ಹೋಗಿರುತ್ತಿದ್ದವು. ೧೯೮೯ರಲ್ಲಿ, ಮೈ ಸವೆಸುವ ಆ ರೋಗದಲ್ಲಿ ಸತ್ತಾಗ ಅವನ ಶವಪೆಟ್ಟಿಗೆ ಹೊರಲು ಜನ ಸಿಗಲಿಲ್ಲ. ಆಮೇಲೆ ವಿದೇಶದ ಯಾರೋ ಅವನ ಹಳೆಯ ರೆಕಾರ್ಡು ಹುಡುಕಿ ಮತ್ತೆ ಅಚ್ಚು ಹಾಕಿಸಿದರು. ಈಗ ಅವನು ಸತ್ತ ಮೇಲೆ ಹುಟ್ಟಿದ ಹುಡುಗರು ಅವನ ಹಾಗೆ ಕೂದಲು ಬಿಡುತ್ತಾರೆ. ಮಿನಿಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಸಂತೆಯ ಫೋನುಗಳಲ್ಲಿ ಎಲ್ಲಾದರೂ ಒಂದು ಕಡೆ ಅವನು ಹಾಡುತ್ತಲೇ ಇರುತ್ತಾನೆ.

“ಗುರುವಾರ ಆಮ್‌ಸ್ಟರ್‌ಡ್ಯಾಮಿಂದ ಜನ ಬರ್ತಾರೆ,” ಎಂದ ನ್ಸೊಫ್ವಾ. “ಶುಕ್ರವಾರ ಗಿಟಾರ್ ಅಲ್ಲಿನ ಸಂಗ್ರಹಾಲಯಕ್ಕೆ ಹೋಗ್ಬೇಕು, ಶಾಶ್ವತವಾಗಿ. ಅಮ್ಮ ಸಹಿ ಮಾಡಿದ್ದಾರೆ.”

ಕಸೊಂಡೆ ಮುದುಕಿಗೆ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

“ಯಾವಾಗ ಹೋಯ್ತು, ಅಮ್ಮ?”

“ಶನಿವಾರ ಮಧ್ಯಾಹ್ನ, ಮಗಳೇ. ಮದುವೆ ಹುಡುಗಿಗೆ ಪಾತ್ರೆ ಕೊಡೋ ಹೆಂಗಸರ ಕೂಟಕ್ಕೆ ಹೋಗಿದ್ದೆ. ಬಂದು ನೋಡಿದ್ರೆ ಗೋಡೆ ಬೋಳು.”

“ಇವತ್ತು ಸೋಮವಾರ. ಇಷ್ಟು ಹೊತ್ತು ಯಾಕೆ ಸುಮ್ಮನಿದ್ರಿ?”

“ಜುಲು ಎತ್ಕೊಂಡು ಹೋಗಿರ್ತಾನೆ ಅಂದ್ಕೊಂಡೆ.”

ಎಡ್ವಿನ್ ಜುಲು ಮುಲಿಲೊ ಬ್ಯಾಂಡಿನ ಡ್ರಮ್ಮಿನವನು. ಆ ಬ್ಯಾಂಡಿನವರಲ್ಲಿ ಇನ್ನೂ ಬದುಕಿರುವವನು ಅವನೊಬ್ಬನೇ. ಅವನು ನ್ಗೋನಿ ಬುಡಕಟ್ಟಿನವನು, ಸತ್ತವನು ಬೆಂಬಾ ಬುಡಕಟ್ಟಿನವನು. ಅಜ್ಜಂದಿರು ಒಬ್ಬರನ್ನೊಬ್ಬರು ಈಟಿಯಿಂದ ತಿವಿದುಕೊಂಡಿದ್ದಕ್ಕೆ ಮೊಮ್ಮಕ್ಕಳು ಮಾತಿನಿಂದ ತಿವಿಯುವ ಹಕ್ಕು ಉಳಿಸಿಕೊಂಡಿದ್ದಾರೆ. ನ್ಗೋನಿಯವನು ಬೆಂಬಾ ಮನೆಗೆ ಬಂದು ಹೆಣದ ಮುಂದೆಯೂ ಹಾಸ್ಯ ಮಾಡಬಹುದು. ಕೋಳಿ, ಕೊಡೆ, ಒಲೆಯ ಮೇಲಿನ ಪಾತ್ರೆ ಏನನ್ನಾದರೂ ಎತ್ತಿಕೊಂಡು ಹೋಗಬಹುದು. ಸಿಟ್ಟು ಮಾಡಿಕೊಂಡವರದೇ ತಪ್ಪು.

“ಅವನನ್ನ ಕೇಳಿದ್ರಾ?”

“ನಿನ್ನೆ ಕೇಳ್ದೆ. ಹೌದು ಕಣೆ, ಸೀಳಿ ಒಲೆಗೆ ಹಾಕ್ದೆ, ಚಳಿ ಅಲ್ವಾ ಅಂದ. ನಕ್ಕೊಂಡು ಬಂದೆ.”

“ನಕ್ಕೊಂಡು ಬಂದ್ರಂತೆ!” ನ್ಸೊಫ್ವಾ ಹಣೆ ಚಚ್ಚಿಕೊಂಡ.

ಜೆರೆ ದೂರು ಬರೆದುಕೊಂಡ. ಮುದುಕಿ ಕೆಳಗೆ ಸಹಿ ಮಾಡಿದಳು.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಗಣಿ ಕಂಪನಿ ಹಿಂದೆ ಕಟ್ಟಿಸಿಕೊಟ್ಟ ಎರಡು ಕೋಣೆಯ ಮನೆ. ನೆರೆಯ ಇಬ್ಬರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಕಸೊಂಡೆ ಒಂದೊಂದಾಗಿ ಹೇಳುತ್ತ ಹೋದರು, ಜೆರೆ ಬರೆಯುತ್ತ ಹೋದ. ಬಾಗಿಲಿನ ಬೀಗ ಸರಿ ಇದೆ. ಕಿಟಕಿಯ ಸರಳು ಸರಿ ಇದೆ. ಬೀಗದ ಕೈ ಎಂದಿನಂತೆ ಹಿತ್ತಲಿನ ಇದ್ದಿಲೊಲೆಯ ಕೆಳಗೆ. ಗೋಡೆಯಲ್ಲಿ ಎರಡು ಮೊಳೆ, ಅವುಗಳ ನಡುವೆ ಗಿಟಾರಿನ ಆಕಾರದಲ್ಲಿ ಮಾಸದೆ ಉಳಿದ ಸುಣ್ಣ. ಪಕ್ಕದಲ್ಲಿದ್ದ ರೇಡಿಯೊವನ್ನು ಯಾರೂ ಮುಟ್ಟಿಲ್ಲ.

ನೆಲಕ್ಕೆ ಕೆಂಪು ಮೇಣ ಉಜ್ಜಿತ್ತು. ಜೆರೆ ಒಂದು ಹೆಜ್ಜೆ ಇಟ್ಟವನೇ ಜಾರಿ ಗೋಡೆ ಹಿಡಿದುಕೊಂಡ.

“ಬೆಂಬಾ ಹೆಂಗಸ್ರು ಪೊಲೀಸ್ರನ್ನ ಹೀಗೇ ಕೊಲ್ಲೋದು,” ಎಂದ. ಜೆರೆಯೂ ನ್ಗೋನಿ, ಕಸೊಂಡೆ ಬೆಂಬಾ.

“ಮರದ ಮೇಲಿನ ಕೋತಿ ತಿನ್ನೋರು ನಾವು, ನೆಲದ ಮೇಲಿನ ಇಲಿ ತಿನ್ನೋ ನ್ಗೋನಿನ ಮುಟ್ಟಲ್ಲ. ಹೆದರ್ಬೇಡ,” ಎಂದರು ಕಸೊಂಡೆ. ಪಂಚರು ನಕ್ಕರು. ಬನಾ ಕಲುಬಾ ನಗಲಿಲ್ಲ.

“ನೆಲ ಯಾವಾಗ ಉಜ್ಜಿದ್ದು, ಅಮ್ಮ?”

“ಇವತ್ತು ಬೆಳಿಗ್ಗೆ.”

ಪೊಲೀಸರನ್ನು ಕರೆಯಲು ಹೊರಟ ಮನೆಯೊಡತಿ ಅದಕ್ಕೂ ಮೊದಲು ಮಂಡಿಯೂರಿ ನೆಲ ಉಜ್ಜಿದ್ದಾಳೆ. ಕಸೊಂಡೆ ಗೋಡೆಯ ಬುಡದಲ್ಲಿ ಕುಳಿತರು. ನೆಲ ಗೋಡೆಯನ್ನು ಕೂಡುವ ಬಿರುಕಿನಲ್ಲಿ ಬಿಳಿಯದೊಂದು ಗೆರೆ. ಬೆರಳಿಗೆ ತಾಗಿಸಿ ಮೂಸಿದರು: ಜೋಳದ ಹಿಟ್ಟು. ಒಂದು ಮೊಳೆಯ ತಲೆಯ ಮೇಲೂ ಅದೇ ಹಿಟ್ಟಿನ ಧೂಳು.

ಅವರ ಅಜ್ಜಿ ಹೀಗೆ ಹಿಟ್ಟು ಹಾಕುತ್ತಿದ್ದಳು, ಸತ್ತವರ ವಸ್ತುವನ್ನು ಮುಟ್ಟುವ ಮೊದಲು ಅವರ ಕ್ಷಮೆ ಕೇಳಲು. ಕಳ್ಳ ಕ್ಷಮೆ ಕೇಳಿ ಕದ್ದಿದ್ದಾನೆ. ಮಾರುವವನಾಗಿದ್ದರೆ ಕೇಳುತ್ತಿರಲಿಲ್ಲ. ಕಸೊಂಡೆ ಹಿಟ್ಟನ್ನು ಕಾಗದದಲ್ಲಿ ಮಡಚಿ ಮೊಹರು ಮಾಡಿಸಿದರು. ಮುದುಕಿ ಸೆರಗಿನಂತೆ ಹೊದ್ದ ಬಟ್ಟೆಯನ್ನು ಬಿಗಿಯಾಗಿ ಎಳೆದುಕೊಂಡಳು.

ಮಧ್ಯಾಹ್ನ ಜುಲುವನ್ನು ಠಾಣೆಗೆ ಕರೆಸಲಾಯಿತು. ಎಲುಬಿನ ಗೂಡಿನಂಥ ಮುದುಕ. ಕುಳಿತ ತಕ್ಷಣ ಅವನ ಬೆರಳುಗಳು ಮೇಜಿನ ಮೇಲೆ ತಾಳ ಹಾಕತೊಡಗಿದವು.

“ಗಿಟಾರ್ ಎಲ್ಲಿ?”

“ತಿಂದೆ. ಉಪ್ಪು ಕಮ್ಮಿ ಇತ್ತು.”

“ತಾತ, ಇದು ಠಾಣೆ.”

“ಗೊತ್ತು. ಬೆಂಬಾಗಳು ಹೆಂಗಸಿಗೆ ಪ್ಯಾಂಟು ಹಾಕಿಸಿ ಕೂರಿಸಿರೋ ಜಾಗ. ಬರ್ಕೋ ತಾಯಿ: ನಾನೇ ಕದ್ದೆ.”

“ತಪ್ಪೊಪ್ಪಿಗೆ! ಕೇಳಿಸ್ತಲ್ಲ? ಬರೀರಿ!” ಬಾಗಿಲಲ್ಲಿದ್ದ ನ್ಸೊಫ್ವಾ ಕೂಗಿದ. ಮೇಲಧಿಕಾರಿಗೂ ಆಗಲೇ ಫೋನ್ ಮಾಡಿದ್ದ. ಒಪ್ಪಿಕೊಂಡವನನ್ನು ಹೊರಗೆ ಬಿಡಬೇಡಿ ಎಂದು ಅಲ್ಲಿಂದ ಆದೇಶ ಬಂತು. ಕಸೊಂಡೆಗೆ ಬೇರೆ ದಾರಿಯಿರಲಿಲ್ಲ. ಜುಲು ನಗುತ್ತಲೇ ಲಾಕಪ್ಪಿಗೆ ನಡೆದ. ಸಂಜೆ ಮನೆಗೆ ಹೊರಟ ಜೆರೆ ತನ್ನ ಪೊಲೀಸ್ ಕಂಬಳಿಯನ್ನು ಸರಳಿನ ಸಂದಿಯಿಂದ ಒಳಗೆ ತುರುಕಿದ. ಅದನ್ನು ಯಾರಿಗೂ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಕಸೊಂಡೆ ಜೆರೆಯನ್ನು ಕರೆದರು. “ತಪ್ಪು ನಂದೇ. ನಾನು ಬೆಂಬಾ. ನಾನು ಏನು ಕೇಳಿದ್ರೂ ಆ ಮುದುಕ ತಮಾಷೆಯನ್ನೇ ಹೇಳ್ಬೇಕು. ನಿಜ ಹೇಳಿದ್ರೆ ಅವನಿಗೇ ಅವಮಾನ. ನೀನು ಅವನ ಕಡೆಯವನು. ನೀನು ಕೇಳು. ನಾನು ಹೊರಗಿರ್ತೀನಿ.”

ಜೆರೆ ಒಳಗೆ ಹೋಗಿ, ಟೋಪಿ ತೆಗೆದು, ಬೆಂಚಿನ ಮೇಲೆ ಕುಳಿತ. “ಅಜ್ಜ, ನಾನು ಜೆರೆ ಮನೆಯವನು.”

ಜುಲುವಿನ ಬೆರಳು ನಿಂತವು. “ಯಾವ ಜೆರೆ? ಚಿಪಾಟಾ ಕಡೆಯವರಾ? ಕೂರಪ್ಪ.”

“ಗಿಟಾರ್ ತಗೊಂಡ್ರಾ?”

“ಇಲ್ಲ, ಮಗ. ಅದನ್ನ ಮುಟ್ಟೋ ಧೈರ್ಯ ನಂಗೆಲ್ಲಿ? ಒಂದಿನ ಬನಾ ಕಲುಬಾನ ಗೋಳು ಹೊಯ್ಕೊಳ್ಳೋಣ ಅಂದ್ಕೊಂಡೆ. ನಾಳೆ ಸಿಗುತ್ತೆ ಅಂದ್ಕೊಂಡೆ. ಸಿಗ್ಲಿಲ್ಲ.” ಮುಖ ಒರೆಸಿಕೊಂಡ. “ಇಲ್ಲಿ ಬಂದ್ಮೇಲೆ, ಆ ಹೆಂಗಸಿನ ಮುಂದೆ ತಮಾಷೆ ನಿಲ್ಸೋದು ಹೇಗೆ ಅಂತ್ಲೇ ಗೊತ್ತಾಗ್ಲಿಲ್ಲ.”

“ಇತ್ತೀಚೆಗೆ ಯಾರಾದ್ರೂ ಅದರ ಬಗ್ಗೆ ಕೇಳಿದ್ರಾ?”

“ದಿನಾ ಕೇಳ್ತಾರೆ. ಗಡ್ಡ ಬರದ ಹುಡುಗ್ರೆಲ್ಲ ಬಂದು ಫ್ಯಾನ್‌ವೆಲ್ ಹೇಗೆ ನಿಲ್ತಿದ್ದ, ಹೇಗೆ ಉಗುಳ್ತಿದ್ದ ಅಂತ ಕೇಳ್ತಾರೆ. ಆದ್ರೆ ಹೋದ ವಾರ ಒಬ್ಬ ಬಂದ. ಯಾವತ್ತೂ ಆ ಹೆಸರೆತ್ತದೋನು. ‘ಮಾವ ತಂತಿಗಳನ್ನ ಯಾವ ಸ್ವರಕ್ಕೆ ಕಟ್ತಿದ್ದ?’ ಅಂತ ಕೇಳ್ದ.”

“ಯಾರು?”

“ಅವಳ ಮಗ. ಕಲುಬಾ.”

ಕಸೊಂಡೆಗೆ ಇಷ್ಟು ಸಾಲಲಿಲ್ಲ. ಪ್ರಶ್ನೆ ಕೇಳಿದ ಮಾತ್ರಕ್ಕೆ ಒಬ್ಬ ಕಳ್ಳನಾಗುವುದಿಲ್ಲ. ಅದೂ ಕಲುಬಾ: ಗಣಿಯಲ್ಲಿ ವೆಲ್ಡರ್, ಐವತ್ತರ ಆಸುಪಾಸು, ಕಾಲೊನಿಯ ಚರ್ಚಿನಲ್ಲಿ ಗಾಯಕರ ಗುಂಪು ನಡೆಸುವವನು. ಆ ಚರ್ಚಿನಲ್ಲಿ ಫ್ಯಾನ್‌ವೆಲ್‌ನ ಹಾಡಿಗೆ ಸೈತಾನನ ಹಾಡು ಎಂದೇ ಹೆಸರು. ಜುಲುವಿನ ಹೇಳಿಕೆ ಬರೆಸಿಕೊಂಡು ಅವನನ್ನು ಬಿಡುಗಡೆ ಮಾಡಿ, ಇಬ್ಬರೂ ಕಾರ್ಮಿಕ ಸಂಘದ ಹಳೆಯ ಸಭಾಂಗಣಕ್ಕೆ ಹೋದರು. ಅಲ್ಲಿ ಫ್ಯಾನ್‌ವೆಲ್‌ನ ಹಾಡು ನುಡಿಸುವ ಹುಡುಗರ ಬ್ಯಾಂಡೊಂದು ಅಭ್ಯಾಸ ಮಾಡುತ್ತಿತ್ತು. ಗಿಟಾರ್ ನುಡಿಸುತ್ತಿದ್ದವಳು ಎಮೆಲಿಯಾ ಎಂಬ ಹುಡುಗಿ. ಪೊಲೀಸರನ್ನು ಕಂಡು ಹುಡುಗರು ನಿಲ್ಲಿಸಿದರು. ಅವಳು ಆ ಸಾಲು ಮುಗಿಯುವ ತನಕ ನುಡಿಸಿದಳು.

“ನಾವು ಕದ್ದಿಲ್ಲ, ಮ್ಯಾಡಮ್. ಅದನ್ನ ಮುಟ್ಟೋಕೇ ಭಯ ನಮಗೆ.”

“ಯಾಕೆ?”

“ಸತ್ತವರ ಹೆಸರನ್ನ ಒಬ್ರು ಹೊರ್ಬೇಕು, ಅವರದನ್ನ ಯಾರೂ ಹೊತ್ತಿಲ್ಲವಲ್ಲ.” ಹುಡುಗಿ ತಂತಿಯ ಮೇಲೆ ಅಂಗೈ ಇಟ್ಟಳು. “ಅವರ ಹಾಡುಗಳೂ ಹಾಗೇ. ಯಾವುದಕ್ಕೂ ಕೊನೆ ಇಲ್ಲ, ಸುಮ್ನೆ ಸದ್ದು ದೂರ ಹೋಗುತ್ತೆ. ನಾವು ವೇದಿಕೆ ಮೇಲೆ ಹೇಗೆ ನಿಲ್ಸೋದು ಗೊತ್ತಾಗದೆ ಒದ್ದಾಡ್ತೀವಿ.”

“ಇಲ್ಲಿಗೆ ಯಾರು ಯಾರು ಬರ್ತಾರೆ?”

“ಒಳಗೆ ಯಾರೂ ಬರಲ್ಲ. ಆದ್ರೆ ಆ ಕಿಟಕಿ ಆಚೆ ಚರ್ಚಿನ ಕಲುಬಾ ಮಾಮ ನಿಂತಿರ್ತಾರೆ. ನಮಗೆ ಕಾಣಲ್ಲ ಅಂತ ಅವರ ಲೆಕ್ಕ. ಪಾಪ, ಚಳೀಲಿ ನಡುಗ್ತಾ ನಿಂತಿರ್ತಾರೆ. ಅವರಿಗೆ ಕೇಳಿಸ್ಲಿ ಅಂತ ಕಿಟಕಿ ಸ್ವಲ್ಪ ತೆಗೆದಿಡ್ತೀನಿ.”

ಹಿಂದಿರುಗುವಾಗ ಕಸೊಂಡೆಗೆ ಆ ಸ್ವರ ಬಿಡಲೇ ಇಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಜೀಪಿನಲ್ಲಿ ಜೆರೆಯೂ ಅದನ್ನೇ ಗುನುಗುತ್ತಿದ್ದ.

ಬುಧವಾರ ಕಸೊಂಡೆ ಒಬ್ಬರೇ ಬನಾ ಕಲುಬಾಳ ಮನೆಗೆ ಹೋದರು. ಮುದುಕಿ ಕೆಂಡದಲ್ಲಿ ಗೆಣಸು ಸುಡುತ್ತಿದ್ದಳು. ಒಂದನ್ನು ಸಿಪ್ಪೆ ಬಿಡಿಸಿ, ಊದಿ, ಆರಿಸಿ ಕಸೊಂಡೆಯ ಕೈಗಿಟ್ಟಳು.

“ಹಿಟ್ಟನ್ನ ಯಾಕೆ ಗುಡಿಸಿದ್ರಿ, ಅಮ್ಮ?”

“ಯಾವ ಹಿಟ್ಟು?”

ಕಸೊಂಡೆ ಗೆಣಸು ತಿಂದರು. ಹೊರಗೆ ಯಾರದೋ ಫೋನಿನಲ್ಲಿ ಫ್ಯಾನ್‌ವೆಲ್ ಹಾಡತೊಡಗಿದ. ಮುದುಕಿ ಎದ್ದು ಬಾಗಿಲು ಹಾಕಿದಳು.

“ಮೊದ್ಲು ಜುಲು ಅಂತ್ಲೇ ನಂಬಿದ್ದೆ, ದೇವರಾಣೆ,” ಎಂದಳು. “ಸೋಮವಾರ ಬೆಳಕು ಹರಿದಾಗ ಹಿಟ್ಟು ಕಣ್ಣಿಗೆ ಬಿತ್ತು, ಮನೆಯವನೇ ಅಂತ ಗೊತ್ತಾಯ್ತು. ಅಷ್ಟರಲ್ಲಿ ಆ ನ್ಸೊಫ್ವಾ ಬಾಗ್ಲು ಬಡಿದು, ನಡಿ ಠಾಣೆಗೆ ಅಂದ. ಬಟ್ಟೆ ಬದಲಾಯಿಸ್ತೀನಿ ಅಂತ ಅವನನ್ನ ಆಚೆ ನಿಲ್ಸಿ ನೆಲ ಉಜ್ಜಿದೆ. ಇನ್ನೇನು ಮಾಡ್ಲಿ? ನನಗಿರೋದು ಕಲುಬಾ ಒಬ್ನೇ.”

“ಅವನು ನಿಮ್ಮನ್ನ ಕೇಳಿದ್ನಾ?”

“ಎಷ್ಟೋ ಸಲ. ಹೆಸರು ಕೊಡು ಅಂತ. ನಾನು ಕೊಡ್ಲಿಲ್ಲ. ಆ ಹೆಸರು ನನ್ನ ಅಣ್ಣನ್ನ ಹೇಗೆ ತಿಂತು ಅಂತ ನೋಡಿದೋಳು ನಾನು. ಬಾಯಿಗೆ ನೀರು ಹಾಕ್ದೋಳೂ ನಾನೇ, ಬೇರೆ ಯಾರೂ ಹತ್ರ ಬರ್ಲಿಲ್ಲ. ಗಿಟಾರ್ ಸಮುದ್ರ ದಾಟ್ಲಿ, ಹೆಸರೂ ಅದರ ಹಿಂದೆ ಹೋಗ್ಲಿ, ನನ್ನ ಮಗ ಉಳೀಲಿ ಅಂತ ಸಹಿ ಮಾಡ್ದೆ.”

ಕಸೊಂಡೆ ಅವಳ ಕೈ ಮೇಲೆ ಕೈ ಇಟ್ಟರು. ಆಮೇಲೆ ಎದ್ದು, ಮಾಡಬೇಕಾದ ಕೆಲಸಕ್ಕೆ ಹೊರಟರು.

ಕಲುಬಾನ ಮನೆಯ ಶೋಧದಲ್ಲಿ ಏನೂ ಸಿಗಲಿಲ್ಲ. ಚರ್ಚಿನ ಹಿಂಬದಿಯಲ್ಲಿ, ಗಾಯಕರ ನಿಲುವಂಗಿಗಳನ್ನು ನೇತುಹಾಕುವ ಕೋಣೆಗೆ ಒಳಗಿನಿಂದ ಚಿಲಕ ಹಾಕಿತ್ತು. ಜೆರೆ ತಟ್ಟಿದ. ಒಳಗಿದ್ದ ಕಲುಬಾ ಚಿಲಕ ತೆಗೆದ. ನಿಲುವಂಗಿಗಳ ಸಾಲಿನ ಕೆಳಗೆ ಮತ್ತೆ ನೆಲದ ಮೇಲೆ ಕುಳಿತ. ತೊಡೆಯ ಮೇಲೆ ಗಿಟಾರ್. ತುಕ್ಕು ಹಿಡಿದ ತಂತಿಗಳಿಗೆ ಸಿಕ್ಕಿ ಎಡಗೈ ಬೆರಳುಗಳು ಸೀಳಿದ್ದವು.

“ಮುಲಿಲೊ ಬ್ಯಾಂಡಿನ ಗಿಟಾರ್ ಕಳವಿನ ಪ್ರಕರಣದಲ್ಲಿ ನಿಮ್ಮನ್ನ ಬಂಧಿಸ್ತಾ ಇದೀನಿ,” ಎಂದರು ಕಸೊಂಡೆ. ಅವನು ಎದ್ದು ಗಿಟಾರನ್ನು ಎರಡೂ ಕೈಯಿಂದ ಒಪ್ಪಿಸಿದ. ಜೆರೆ ಕೈಕೋಳ ತೆಗೆದ. ಬೆರಳುಗಳನ್ನು ನೋಡಿ ಮೊದಲು ಕರವಸ್ತ್ರ ತೆಗೆದು ಸುತ್ತಿದ.

ಠಾಣೆಯಲ್ಲಿ ವಿಚಾರಣೆ ನಡೆದದ್ದು ಬುಧವಾರ ಸಂಜೆ ನಾಲ್ಕಕ್ಕೆ.

“ಯಾಕೆ ತಗೊಂಡ್ರಿ?”

“ನಂದು ಅಂತ.”

“ಅದು ನಿಮ್ಮ ತಾಯಿ ಹತ್ರ ಇತ್ತು. ಅವರು ಕಂಪನಿಗೆ ಸಹಿ ಮಾಡ್ಕೊಟ್ಟಿದ್ದಾರೆ.”

“ಗಿಟಾರ್ ಅವಳದ್ದು. ಹೆಸರು ನಂದು.”

ಕಸೊಂಡೆಗೆ ಅದು ಅರ್ಥವಾಯಿತು. ಬೆಂಬಾ ಜನರಲ್ಲಿ ಸತ್ತವನ ಹೆಸರನ್ನು ಒಬ್ಬರು ಹೊರಲೇಬೇಕು. ಹೆಚ್ಚಾಗಿ ಸೋದರಳಿಯನೇ ಹೊರುವುದು, ಏಕೆಂದರೆ ಬಳಿ, ಅಂದರೆ ಕುಲ, ಸಾಗುವುದು ತಾಯಿಯ ಕಡೆಯಿಂದ. ಸತ್ತವನ ಬಿಲ್ಲನ್ನೋ ಕೊಡಲಿಯನ್ನೋ ಅಳಿಯನ ಕೈಗೆ ಕೊಟ್ಟು, ಬಳಿಯ ಹಿರಿಯ ಹೆಂಗಸು ಅವನಿಗೆ ನೀರು ಕುಡಿಸುತ್ತಾಳೆ. ಆ ಗುಟುಕು ಇಳಿದ ಮೇಲೆ ಅವನು ಮಾವನೇ. ಮಾವನ ಮಕ್ಕಳಿಗೆ ಅಪ್ಪ. ಹೆತ್ತ ತಾಯಿಗೇ ಅಣ್ಣ. ಸತ್ತವನಿಗೆ ಆಗ ಒಂದು ಜಾಗ ಸಿಕ್ಕಿ ಅವನು ಸುಮ್ಮನಾಗುತ್ತಾನೆ. ಫ್ಯಾನ್‌ವೆಲ್‌ನ ಪಾಲಿಗೆ ಅದು ನಡೆದಿರಲಿಲ್ಲ.

“ಮಾವ ಎಲ್ಲೂ ಸೇರಿಲ್ಲ, ಮ್ಯಾಡಮ್,” ಎಂದ ಕಲುಬಾ. “ಅದಕ್ಕೇ ಎಲ್ಲಾ ಕಡೆ ಇದ್ದಾನೆ. ಬಸ್ ಹತ್ತಿದ್ರೆ ಅವನು. ಕೂದಲು ಕತ್ತರಿಸ್ಕೊಳ್ಳೋಕೆ ಕೂತ್ರೆ ಅವನು. ಚರ್ಚಲ್ಲಿ ಹಾಡು ಹೇಳಿಸ್ತಾ ಕೈ ಎತ್ತಿದ್ರೆ, ಕೈ ಅವನ ತಾಳಕ್ಕೆ ಹೋಗುತ್ತೆ. ಜನ ಅವನ ಪ್ರಭಾವ ಅಂತಾರೆ, ಪೇಪರಲ್ಲಿ ಬರೀತಾರೆ. ನನಗೆ ಅದು ಒಬ್ಬ ಮನುಷ್ಯ ಮನೆ ಸಿಗದೆ ಬೀದಿ ಬೀದಿ ತಿರುಗ್ತಿರೋ ಸದ್ದು. ಶುಕ್ರವಾರ ಅದೂ ಹೋಗ್ಬಿಟ್ರೆ ಕೈಗೆ ಕೊಡೋಕೆ ಏನೂ ಉಳಿಯಲ್ಲ.”

“ತಗೊಂಡ ಮೇಲೆ ನೆಮ್ಮದಿ ಸಿಕ್ತಾ?”

“ಇಲ್ಲ.” ಅವನು ಕರವಸ್ತ್ರ ಸುತ್ತಿದ ಕೈ ನೋಡಿಕೊಂಡ. “ಕದ್ದು ತಗೊಂಡ್ರೆ ಅದು ಬರೀ ಮರ, ತಂತಿ. ಕೊಡೋರು ಬೇಕು.”

ಅಷ್ಟರಲ್ಲಿ ನ್ಸೊಫ್ವಾ ಓಡಿಬಂದ. “ಸಿಕ್ತಲ್ಲ! ಕೊಡಿ, ನಾಳೆ ಅವರು ಬರ್ತಾರೆ.”

“ಇದು ಪ್ರಕರಣದ ಮುದ್ದೆಮಾಲು,” ಎಂದರು ಕಸೊಂಡೆ. “ನ್ಯಾಯಾಲಯ ಹೇಳೋ ತನಕ ಠಾಣೆ ಬಿಟ್ಟು ಹೋಗೋ ಹಾಗಿಲ್ಲ.”

“ಎಷ್ಟು ದಿನ?”

“ನಮ್ಮ ನ್ಯಾಯಾಲಯ ನಿಮಗೆ ಗೊತ್ತಿಲ್ವಾ?”

ಅವನು ಫೋನ್ ಹಿಡಿದು ಹೊರಗೆ ಹೋದ.

ಬನಾ ಕಲುಬಾ ಬಂದಾಗ ಜುಲು ಅವಳ ತೋಳು ಹಿಡಿದಿದ್ದ. ಕೈಯಲ್ಲಿ ಮಗನಿಗೆ ಮುದ್ದೆ, ಒಣಮೀನಿನ ಸಾರು. ಅವಳು ಊಟದ ಗಂಟನ್ನು ಕೆಳಗಿಟ್ಟು ಮೊದಲು ಗಿಟಾರನ್ನು ನೋಡಿದಳು, ಆಮೇಲೆ ಮಗನ ಬೆರಳುಗಳನ್ನು. ತುಂಬ ಹೊತ್ತು ನೋಡಿದಳು.

“ನೀನು ಬದುಕ್ಲಿ ಅಂತ ಕೊಡ್ಲಿಲ್ಲ ಕಣೋ,” ಎಂದಳು. “ಇದನ್ನ ಬದುಕು ಅಂತಾರಾ?”

ಅವಳು ಜೆರೆಯ ಕಡೆ ತಿರುಗಿದಳು. “ಒಂದು ಲೋಟ ನೀರು ಸಿಗುತ್ತಾ, ಮಗ?”

ಜೆರೆ ತಂದುಕೊಟ್ಟ. ಅವಳು ತನಗಾಗಿ ಕೇಳಿದ್ದಾಳೆ ಎಂದೇ ಎಲ್ಲರೂ ಅಂದುಕೊಂಡರು. ಬನಾ ಕಲುಬಾ ಠಾಣೆಯ ತಣ್ಣನೆಯ ಸಿಮೆಂಟಿನ ಮೇಲೆ ಮಗನ ಮುಂದೆ ಮಂಡಿಯೂರಿದಳು. ಈ ನಾಡಿನಲ್ಲಿ ತಾಯಿ ಮಗನಿಗೆ ಮಂಡಿಯೂರುವುದಿಲ್ಲ. ತಂಗಿ ಅಣ್ಣನಿಗೆ ಊರುತ್ತಾಳೆ. ಗಿಟಾರಿಗೆ ಜಪ್ತಿಯ ಚೀಟಿ ಕಟ್ಟುತ್ತಿದ್ದ ಕಸೊಂಡೆ ಕೈ ನಿಲ್ಲಿಸಿದರು. ಚೀಟಿ ಕಟ್ಟಿದ್ದ ಗಿಟಾರನ್ನು ಎತ್ತಿ ಮುದುಕಿಯ ಪಕ್ಕದಲ್ಲಿ ಇಟ್ಟರು. ಅದು ಠಾಣೆಯಿಂದ ಹೊರಗೇನೂ ಹೋಗಿರಲಿಲ್ಲವಲ್ಲ.

ಮುದುಕಿ ಅದನ್ನು ಅವನ ಕೈಗಿಟ್ಟಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವನ ತುಟಿಗೆ ತಂದಳು.

“ಕುಡಿ, ಫ್ಯಾನಿ ಅಣ್ಣ,” ಎಂದಳು. “ಎಷ್ಟು ವರ್ಷ ಅಲೆಸ್ಬಿಟ್ಟೆ ನಿನ್ನ.”

ಅವನು ಕುಡಿದ. ನೀರು ಗಲ್ಲದ ಮೇಲೆ ಇಳಿಯಿತು. ಅವಳು ತನ್ನ ಬಟ್ಟೆಯ ಅಂಚಿನಿಂದ ಒರೆಸಿದಳು.

ಬಾಗಿಲಲ್ಲಿದ್ದ ಜುಲು ಮುಂದೆ ಬಂದ.

“ಏಯ್ ಫ್ಯಾನ್‌ವೆಲ್,” ಎಂದ. “ಎಪ್ಪತ್ತೈದರಲ್ಲಿ ನನ್ನ ಎತ್ತರದ ಹಿಮ್ಮಡಿ ಶೂ ಎತ್ಕೊಂಡು ಹೋದೆಯಲ್ಲ, ಕಳ್ಳ ನನ್ಮಗನೆ. ಎಲ್ಲಿಟ್ಟಿದ್ದೀಯೋ?”

ಕಾಲೊನಿಯಲ್ಲಿ ಯಾರೂ ಕಲುಬಾ ತಮಾಷೆ ಮಾಡಿದ್ದನ್ನು ಕೇಳಿರಲಿಲ್ಲ. ಅವನು ಗಿಟಾರಿನ ಮೇಲಿನ ಕೈ ತೆಗೆಯದೆ ತಲೆಯೆತ್ತಿದ.

“ದನ ಕಾಯೋ ನ್ಗೋನಿ ಕಾಲಿಗೆ ಅಂಥ ಶೂ ಯಾಕೋ?” ಎಂದ.

ಜುಲು ಗೋಡೆಗೆ ಒರಗಿ ನಕ್ಕ, ಕಣ್ಣೊರೆಸಿಕೊಳ್ಳುತ್ತ ನಕ್ಕ. ಕಸೊಂಡೆ ಗಿಟಾರನ್ನು ವಾಪಸ್ಸು ಪಡೆದು ಮುದ್ದೆಮಾಲಿನ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಲಾಕಪ್ಪಿನ ಬಾಗಿಲು ತೆರೆದು ಹಿಡಿದರು. ಕಲುಬಾ ಊಟದ ಗಂಟು ಎತ್ತಿಕೊಂಡು ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತ, ಮುದ್ದೆ ಮುರಿದು ಸಾರಿಗೆ ಅದ್ದಿದ.